ದೇವರ ಜಗಲಿಯ ಮೇಲೆ ಸಯ್ಯಿದರು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಈಗ ಒಬ್ಬ ಶಿಯಾ ಗುರುವಿನ ಫೋಟೋ ಇದೆ. ಕಪ್ಪು ಪೇಟ, ಬಿಳಿ ಗಡ್ಡ, ಫೋಟೋ ತೆಗೆಯುವವನ ಮೇಲೆ ಸ್ವಲ್ಪ ಸಿಟ್ಟಾದಂತಿರುವ ಮುಖ. ಅವರ ಒಂದು ಪಕ್ಕ ನಮ್ಮೂರ ಮಠದ ಅಜ್ಜಾರು, ಇನ್ನೊಂದು ಪಕ್ಕ ಎಲ್ಲಮ್ಮ. ಮನೆಗೆ ಬಂದ ಕನ್ನಡದವರು ‘ಇವರು ಯಾವ ದರ್ಗಾದವರು?’ ಅಂತ ಕೇಳುತ್ತಾರೆ. ಅರ್ಧ ಜನಕ್ಕೆ ಯಾವುದೋ ಒಂದು ಊರಿನ ಹೆಸರು ಹೇಳಿ ಚಹಾ ಕೊಟ್ಟು ಕಳಿಸಿಬಿಡುತ್ತೇನೆ. ಉಳಿದರ್ಧಕ್ಕೆ ಬಿಡಿಸಿ ಹೇಳುವ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಅದಕ್ಕೇ ಇಲ್ಲಿ ಒಂದು ಸಲ ಪೂರ್ತಿ ಹೇಳಿ ಮುಗಿಸುತ್ತೇನೆ.

ದೋಹಾದ ಅಲ್ ಅಜೀಜಿಯಾದಲ್ಲಿ ನಮ್ಮದು ಮೂರನೇ ಮಹಡಿ. ಎದುರು ಬಾಗಿಲು ತೇತಾ ಅವರದು. ತೇತಾ ಅಂದರೆ ಲೆಬನಾನಿನವರ ಬಾಯಲ್ಲಿ ಅಜ್ಜಿ. ನೇಪಾಳಿ ವಾಚ್‌ಮನ್‌ನಿಂದ ಹಿಡಿದು ಕೆಳಮಹಡಿಯ ಫಿಲಿಪಿನೊ ನರ್ಸುಗಳವರೆಗೆ ಇಡೀ ಬಿಲ್ಡಿಂಗಿಗೆ ಅವರು ಅಜ್ಜಿಯೇ. ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದಾರೆ, ಇರುವುದು ಒಬ್ಬಳೇ ಮಗಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಊರು ಲೆಬನಾನಿನ ದಕ್ಷಿಣದ ತುದಿಯ ಒಂದು ಶಿಯಾ ಹಳ್ಳಿ.

ನಮ್ಮ ಪರಿಚಯ ಆದದ್ದೇ ಒಂದು ಎಡವಟ್ಟಿನಿಂದ. ನಾನು ಗದಗಿನ ಕಡೆಯವಳು. ನಮ್ಮ ಹಳ್ಳಿಯಲ್ಲಿ ಮುಸಲ್ಮಾನರ ಮನೆ ಬೆರಳಲ್ಲಿ ಎಣಿಸುವಷ್ಟು, ಆದರೆ ಮೊಹರಂ ಊರಿಗೆ ಊರೇ ಮಾಡುವ ಹಬ್ಬ. ಅಲಾಯಿ ಕುಣಿ ತೆಗೆದು ಬೆಂಕಿ ಹಾಕುವವರು ನಮ್ಮವರು, ಅಲಾಯಿ ದೇವರ ಡೋಲಿ ಹೊರುವವರು ನಮ್ಮವರು, ಹೆಜ್ಜೆ ಹಾಕಿ ಕುಣಿಯುವವರು ನಮ್ಮವರು. ನಾನು ಹುಟ್ಟಿ ಆರು ತಿಂಗಳಿಗೆ ಜ್ವರ ಬಂದಿತ್ತಂತೆ. ಅವ್ವ ಹರಕೆ ಹೊತ್ತು ನನ್ನನ್ನು ಫಕೀರಳನ್ನು ಮಾಡಿದ್ದಳು. ಆಮೇಲೆ ಪ್ರತಿವರ್ಷ ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಕೊಂಡು, ಐದು ಮನೆ ಭಿಕ್ಷೆ ಬೇಡಿ, ಮುಲ್ಲಾನ ಹತ್ತಿರ ಸಕ್ಕರೆ ಓದಿಸಿಕೊಂಡು ಬರುತ್ತಿದ್ದೆ. ಕೊನೆಯ ದಿನ ಮನೆಮನೆಯಲ್ಲೂ ಚೊಂಗೆ. ಬೆಲ್ಲದ ನೀರಿನಲ್ಲಿ ಗೋಧಿ ಹಿಟ್ಟು ಕಲಸಿ, ಬುಟ್ಟಿಯ ಬೆನ್ನಿಗೆ ಒತ್ತಿ ಅಚ್ಚು ಮೂಡಿಸಿ, ತುಪ್ಪದಲ್ಲಿ ಬೇಯಿಸುವ ಸಿಹಿ ರೊಟ್ಟಿ. ಎದುರು ಮನೆಯವರು ಶಿಯಾ ಎಂದು ಗೊತ್ತಾದ ಮೊದಲ ವರ್ಷ, ಮೊಹರಮಿನ ಹತ್ತನೇ ದಿನ, ರೇಷ್ಮೆ ಸೀರೆ ಉಟ್ಟು, ಹೂ ಇಲ್ಲದ ಊರಲ್ಲಿ ಎಲ್ಲಿಂದಲೋ ಹೂ ತಂದು ಮುಡಿದು, ತಟ್ಟೆ ತುಂಬ ಚೊಂಗೆ ಹಿಡಿದು ಬಾಗಿಲು ತಟ್ಟಿದೆ.

“ಹ್ಯಾಪಿ ಮೊಹರಂ, ತೇತಾ!”

ಬಾಗಿಲು ತೆರೆದ ತೇತಾ ಮೈತುಂಬ ಕಪ್ಪು ಉಟ್ಟಿದ್ದರು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಅದು ಅವರಿಗೆ ಸೂತಕದ ದಿನ. ಪ್ರವಾದಿಯ ಮೊಮ್ಮಗನನ್ನು ಕರ್ಬಲಾದ ಮರಳಲ್ಲಿ, ಮಕ್ಕಳುಮರಿ ಸಮೇತ ನೀರು ಕೊಡದೆ ಕೊಂದ ದಿನ. ಅಂಥ ಮನೆಗೆ ನಾನು ಮದುಮಗಳಂತೆ ಸಿಂಗರಿಸಿಕೊಂಡು ಸಿಹಿ ತಗೊಂಡು ಹೋಗಿದ್ದೆ. ನಮ್ಮೂರಲ್ಲಿ ಇದು ಹಬ್ಬ ಅಂತ ತೊದಲುತ್ತಾ ಹೇಳಿದೆ. ಹಿಂದೂಗಳು ಡೋಲಿ ಹೊರುತ್ತೇವೆ, ಬೆಂಕಿಯ ಸುತ್ತ ಕುಣಿಯುತ್ತೇವೆ ಎಂದೆ. ತೇತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಕ್ಕರು. ಆ ದಿನ ನಗಬಾರದಂತೆ, ಆದರೂ ತಲೆವಸ್ತ್ರದ ಅಂಚು ಬಾಯಿಗೆ ಒತ್ತಿಕೊಂಡು ನಕ್ಕರು. ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಕೈಗಿತ್ತು, “ಕುಡಿ ಹಬೀಬ್ತಿ, ಕುಡಿ. ಮೊದಲ ಲೋಟ ಹೊರಗಿನವರಿಗೆ. ಪ್ರತಿವರ್ಷ ನಾನು ಇದನ್ನು ಹಿಡಕೊಂಡು ವಾಚ್‌ಮನ್‌ನನ್ನು ಹುಡುಕಿ ಕೆಳಗೆ ಹೋಗಬೇಕಿತ್ತು. ಈ ವರ್ಷ ನೀನೇ ಬಂದೆ” ಎಂದರು.

ಮೊದಲ ಲೋಟದ ನಿಯಮ ಮಾಡಿದವರು ಆ ಫೋಟೋದಲ್ಲಿದ್ದವರು. ತೇತಾ ಅವರನ್ನು ಸಯ್ಯಿದರು ಎಂದಷ್ಟೇ ಕರೆಯುತ್ತಿದ್ದರು. ಪ್ರವಾದಿಯ ವಂಶದವರಿಗೆ ಕೊಡುವ ಗೌರವದ ಮಾತು ಅದು. ಆಗ ಫೋಟೋ ಅವರ ಹಾಲ್‌ನಲ್ಲಿ ಸೋಫಾದ ಮೇಲಿನ ಗೋಡೆಯಲ್ಲಿತ್ತು. ದೇವರಿಗಿಂತ ದೊಡ್ಡ ಜಾಗ.

ಅವರ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಲೆಬನಾನಿನಲ್ಲಿ ಕುರ್ಚಿಗಳೂ ಪಂಥದ ಲೆಕ್ಕದಲ್ಲೇ ಹಂಚಿಕೆ. ರಾಷ್ಟ್ರಪತಿ ಕ್ರಿಶ್ಚಿಯನ್, ಪ್ರಧಾನಿ ಸುನ್ನಿ, ಶಿಯಾಗಳಿಗೆ ಸಂಸತ್ತಿನ ಸಭಾಪತಿಯ ಸ್ಥಾನ. ಆದರೆ ದಕ್ಷಿಣದ ಶಿಯಾ ಹಳ್ಳಿಗಳಿಗೆ ರಸ್ತೆಯೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಇರಾಕಿನಲ್ಲಿ ಓದಿ ಬಂದ ಸಯ್ಯಿದರು ಮಸೀದಿಯಲ್ಲಿ ಕೂತು ಮದುವೆ, ತಿಥಿ ಮಾಡಿಸಿಕೊಂಡು ಇರಬಹುದಿತ್ತು. ಅವರು ನಲ್ಲಿ ಕೇಳಿದರು, ಶಾಲೆ ಕೇಳಿದರು. ಕೊಡದಿದ್ದಾಗ ಜನರನ್ನು ಕಟ್ಟಿಕೊಂಡು ಪಕ್ಷ ಮಾಡಿದರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಮಠದ ಅಜ್ಜಾರು ಹೂಂ ಅಂದರೆ ಶಾಸಕ, ಊಹೂಂ ಅಂದರೆ ಮಾಜಿ ಶಾಸಕ. ಆದರೆ ಸಯ್ಯಿದರು ಕಟ್ಟಿಸಿದ ಶಾಲೆಯಲ್ಲಿ ಶಿಯಾ ಹುಡುಗಿಯರ ಜೊತೆ ಸುನ್ನಿ, ಕ್ರಿಶ್ಚಿಯನ್ ಹುಡುಗಿಯರೂ ಓದಿದರು. ತೇತಾ ಓದಿದ್ದು ಅಲ್ಲೇ. ಒಳಯುದ್ಧ ಹತ್ತಿಕೊಂಡು ನೆರೆಯ ಕ್ರಿಶ್ಚಿಯನ್ ಹಳ್ಳಿಯನ್ನು ಸುಡಲು ತಮ್ಮವರೇ ಹೊರಟಾಗ, ಸಯ್ಯಿದರು ಎರಡು ಊರಿನ ನಡುವಿನ ಬಾವಿಯ ಕಟ್ಟೆಯ ಮೇಲೆ ಹಾಸಿಗೆ ಹಾಸಿ ಕೂತರಂತೆ. ದಾಟಿ ಹೋಗುವವರು ನನ್ನನ್ನು ದಾಟಿ ಹೋಗಿ ಎಂದರಂತೆ. ಯಾರೂ ದಾಟಲಿಲ್ಲ. ಆ ವರ್ಷದ ಮೊಹರಮಿನಲ್ಲಿ ಅವರು ಅದೇ ಬಾವಿಯ ನೀರು ಸೇದಿಸಿ, ಮೊದಲ ಲೋಟವನ್ನು ಆ ಊರಿನ ಪಾದ್ರಿಗೆ ಕೊಟ್ಟರು. ನೀರಿಲ್ಲದೆ ಸತ್ತವರಿಗೆ ಅಳುವವರು ಇನ್ನೊಬ್ಬರಿಗೆ ನೀರು ಕೊಡದೆ ಅಳಬಾರದು ಎಂದರು.

ಬಾವಿ ಕಾಯಲು ಹುಡುಗರ ಕೈಗೆ ಬಂದೂಕು ಬಂದದ್ದೂ ಆಗಲೇ. ತೇತಾರ ಗಂಡ ಆ ಹುಡುಗರಲ್ಲಿ ಒಬ್ಬರು. ಇದನ್ನು ತೇತಾ ಒಂದೇ ಸಲ, ಅದೂ ಬಾಯಿ ಜಾರಿ ಹೇಳಿದರು. ನಾನು ‘ಹಾಗಾದರೆ ಬಂದೂಕು ಸಯ್ಯಿದರೇ ಕೊಟ್ಟದ್ದಾ?’ ಎಂದು ಕೇಳಿದಾಗ ಮಾತು ಬದಲಿಸಿ ಸಬ್ಬಸಿಗೆ ಸೊಪ್ಪಿಗೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದರು.

ಸಯ್ಯಿದರು ಕಾಯಿಲೆಯಿಂದ ಸತ್ತು ಬಹಳ ಕಾಲವಾಯಿತು. ಪಕ್ಷ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ಎಲ್ಲರ ಬಾವುಟದಲ್ಲೂ ಅವರದೇ ಮುಖ. ಮುಂದೆ ಸಿರಿಯಾದಲ್ಲಿ ಯುದ್ಧ ಶುರುವಾದಾಗ ಆ ಮುಖ ಅಂಟಿಸಿಕೊಂಡ ಗಾಡಿಗಳು ಗಡಿ ದಾಟಿ ಆ ಕಡೆಯೂ ಹೋದವು. ಟೀವಿಯಲ್ಲಿ ಅದು ಬಂದಾಗಲೆಲ್ಲ ತೇತಾ ಚಾನೆಲ್ ಬದಲಿಸಿ, “ಸಯ್ಯಿದರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ” ಎನ್ನುತ್ತಿದ್ದರು. ಈ ಮಾತು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಇದ್ದಿದ್ದರೆ! ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು. ಆದರೂ ವರ್ಷಕ್ಕೊಮ್ಮೆ ಬಾಗಿಲು ತಟ್ಟಿ ಮೊದಲ ಲೋಟ ನೀರು ಕೊಡುವಾಗ ಆ ಮುದುಕಿಯ ಮುಖ ನೋಡಿದರೆ, ಸಯ್ಯಿದರು ನಿಜವಾಗಿಯೂ ದೊಡ್ಡ ಮನುಷ್ಯರೇ ಇರಬೇಕು ಅನ್ನಿಸುತ್ತಿತ್ತು.

ಹೀಗಿರುವಾಗ ಮಗಳು ಪ್ರೀತಿಯಲ್ಲಿ ಬಿದ್ದಳು. ಮೂವತ್ತನಾಲ್ಕು ದಾಟಿತ್ತು ಅವಳಿಗೆ. ಎರಡು ಸಂಬಂಧ ಬಂದು ಮುರಿದಿದ್ದವು, ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಅಂಥವಳು ಒಂದು ದಿನ ಲಿಫ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ಕೆಂಪಾಗಿ, “ಆಂಟಿ, ಒಬ್ಬ ಇದ್ದಾನೆ” ಎಂದಳು. ಬೆನ್ನು ನೋವೆಂದು ಆಸ್ಪತ್ರೆಗೆ ಬಂದ ಸಿವಿಲ್ ಎಂಜಿನಿಯರ್. ಸಿರಿಯಾದವನು, ಸುನ್ನಿ. ಉಮ್ಮ್ ಸಲಾಲ್‌ನಲ್ಲಿ ತಾಯಿಯ ಜೊತೆ ಇದ್ದಾನೆ. ಅವನ ತಮ್ಮ ಯುದ್ಧದಲ್ಲಿ ಸತ್ತಿದ್ದಾನೆ.

“ಅವನದು ಏನೂ ತಕರಾರಿಲ್ಲ. ತಾಯಿಯದೇ ಹೆದರಿಕೆ. ಅವರ ಊರನ್ನು ಮುತ್ತಿದ್ದವರ ಗಾಡಿಯ ಮೇಲೆ…” ಎಂದು ನಿಲ್ಲಿಸಿದಳು. ಯಾರ ಫೋಟೋ ಇತ್ತು ಎಂದು ಅವಳು ಹೇಳಬೇಕಾಗಿರಲಿಲ್ಲ.

ಹೆಣ್ಣು ಕೇಳಲು ಬರುವ ದಿನ ನಿಕ್ಕಿಯಾಯಿತು. ಶುಕ್ರವಾರ ಸಂಜೆ. ಫೋಟೋ ತೆಗೆದಿಡು ಎಂದು ಮಗಳು, ತೆಗೆಯುವುದಿಲ್ಲ ಎಂದು ತಾಯಿ. ಆ ವಾರವಿಡೀ ಅವರ ಜಗಳ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. “ಈ ಮದುವೆ ಮಾಡಿಸುವ ಧೈರ್ಯ ಇದ್ದದ್ದು ಅವರೊಬ್ಬರಿಗೇ! ಅವರ ಎದುರೇ ಆಗಲಿ!” ಎಂದು ತೇತಾ ಕೂಗುತ್ತಿದ್ದರು. ಮಗಳು ಅರಬ್ಬಿಯಲ್ಲಿ ಏನೋ ಹೇಳಿ ಅಳುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ತೇತಾ ದಿಂಬಿನ ಕವರಿನಲ್ಲಿ ಫೋಟೋ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು.

“ಒಂದೇ ಸಂಜೆ ಇಟ್ಟುಕೋ. ನನ್ನ ಮಗಳಿಗೋಸ್ಕರ. ಸಯ್ಯಿದರು ಇದ್ದಿದ್ದರೆ ಅವರೇ ಹೇಳುತ್ತಿದ್ದರು, ಯಲ್ಲಾ, ನಡಿ, ನನ್ನನ್ನು ಇಳಿಸು, ಹುಡುಗಿಯ ಮದುವೆ ಮಾಡು ಅಂತ.”

ಇಳಿಸುವಾಗ ಅವರ ಕೈಗೆ ಗಾಜು ತಾಗಿ ಬೆರಳು ಕೊಯ್ದಿತ್ತು. ನಾನು ಬ್ಯಾಂಡೇಜ್ ಹಾಕಿ, ಫೋಟೋವನ್ನು ಬಾಗಿಲ ಪಕ್ಕದ ಕಪಾಟಿನಲ್ಲಿಟ್ಟು, ಅವರ ಮನೆಗೆ ಹೋಗಿ ಅಡುಗೆಗೆ ಕೈಹಚ್ಚಿದೆ.

ಇಲ್ಲಿ ನನ್ನ ಗಂಡ ಬರುತ್ತಾರೆ. ಇವರು ದೇವರಂಥ ಮನುಷ್ಯ, ದೇವರಂತೆಯೇ ಕೇಳದೆ ಕೆಲಸ ಮಾಡುತ್ತಾರೆ. ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಇಡಲು ಕಪಾಟು ತೆಗೆದರೆ ಅಲ್ಲಿ ದಿಂಬಿನ ಕವರಿನಿಂದ ಇಣುಕುವ ಗಡ್ಡದ ಹಿರಿಯರು. ಬೂಟಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಪಕ್ಕ. ಇವರ ಜೀವ ಝಲ್ಲೆಂದಿತು. ಫೋಟೋ ಒರೆಸಿ, ಜಗಲಿಯ ಮೇಲೆ ಮಠದ ಅಜ್ಜಾರ ಪಕ್ಕ ಇಟ್ಟು, ಗಾಜಿನ ಮೇಲೆ ಹಣೆ ಬರುವ ಜಾಗಕ್ಕೆ ಮೂರು ಬೆರಳು ವಿಭೂತಿ ಎಳೆದು, ಸಂಜೆಯ ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಕೈಮುಗಿದು, ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಮನೆಗೆ ಬಂದರು. ನನಗೆ ಒಂದು ಮಾತು ಹೇಳಲಿಲ್ಲ. ಹೇಳುವಂಥದ್ದು ಏನೋ ಮಾಡಿದ್ದೇನೆ ಎಂದು ಇವರಿಗೆ ಅನ್ನಿಸಲೇ ಇಲ್ಲ.

ಬಂದವರು ಮೂವರು. ಹುಡುಗ, ಅವನ ಸೋದರಮಾವ, ಅವನ ತಾಯಿ. ತಾಯಿ ಸಣ್ಣ ಆಳು, ಬೂದು ಬಣ್ಣದ ಕೋಟಿನಂಥ ನಿಲುವಂಗಿ. ಹಾಲ್‌ಗೆ ಬಂದ ಕೂಡಲೇ ಆಕೆಯ ಕಣ್ಣು ಸೋಫಾದ ಮೇಲಿನ ಗೋಡೆಗೆ ಹೋಯಿತು. ಅಲ್ಲಿ ಈಗ ಒಂದು ಮೊಳೆ, ಸುತ್ತ ಫೋಟೋದಷ್ಟೇ ಅಗಲದ ತಿಳಿ ಬಣ್ಣದ ಗುರುತು. ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಆಕೆ ಅದರ ಕೆಳಗೇ ಕೂತರು.

ತೇತಾ ಮೊದಲ ಲೋಟ ನೀರನ್ನು ನನಗೇ ಕೊಟ್ಟರು, ಹೊರಗಿನವಳು ಅಂತ. ನಾನು ಕುಡಿದೆ. ಆಮೇಲೆ ಕಾಫಿ ಬಂತು. ಅವರಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಕೇಳಲು ಬಂದವರು ಕಾಫಿಯ ಕಪ್ಪು ಮುಟ್ಟುವುದಿಲ್ಲ. ಕೇಳಿಕೆ ಹೇಳಿ, ಹೆಣ್ಣಿನ ಕಡೆಯವರು ಒಪ್ಪಿದ ಮೇಲೆಯೇ ಕುಡಿಯುತ್ತಾರೆ. ಎಲ್ಲರೂ ಕಪ್ಪು ಮುಂದಿಟ್ಟುಕೊಂಡು ಗಂಭೀರವಾಗಿ ಕೂತಿದ್ದರೆ ನನ್ನ ಗಂಡ ಸುರ್ ಅಂತ ಕುಡಿದು ಕಪ್ಪು ಕೆಳಗಿಟ್ಟರು. ನಾನು ತಿವಿದೆ.

“ಆರಿದ ಮ್ಯಾಲೆ ಏನ್ ಕುಡಿಯೂದು?” ಎಂದರು, ಕನ್ನಡದಲ್ಲೇ, ಎಲ್ಲರಿಗೂ ಕೇಳುವಂತೆ.

ಮಗಳು ಅರ್ಥ ಊಹಿಸಿ ನಕ್ಕಳು. ತೇತಾ, “ಹಿಂದೂಸ್ತಾನ ಒಪ್ಪಿಬಿಟ್ಟಿತು, ಇನ್ನು ನಾವು ಒಪ್ಪದಿದ್ದರೆ ಹೇಗೆ!” ಎಂದರು. ಸೋದರಮಾವ ಹೊಟ್ಟೆ ಕುಣಿಸಿ ನಕ್ಕರು. ಆ ತಾಯಿಯ ತುಟಿಯ ಮೂಲೆಯಲ್ಲೂ ಒಂದು ನಗೆ ಬಂತು, ನಾನು ನನ್ನ ಕಣ್ಣಾರೆ ಕಂಡೆ. ಸೋದರಮಾವ ಪದ್ಧತಿಯಂತೆ ಹೆಣ್ಣು ಕೇಳಿದರು. ತೇತಾ ಎದ್ದುನಿಂತು ಕೊಟ್ಟೆವು ಎಂದರು. ಇನ್ನೇನು ಕಪ್ಪಿಗೆ ಕೈ ಹಾಕಬೇಕು, ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಆಜಾನ್ ಕೇಳಿತು. ನಮಾಜ್ ಮುಗಿಸಿ ಬಂದೇ ಕುಡಿಯೋಣ ಎಂದು ಗಂಡಸರು ಎದ್ದು ಕೆಳಗೆ ಹೋದರು, ಮಸೀದಿ ತೋರಿಸಲು ನನ್ನ ಗಂಡನೂ.

ತಾಯಿಗೂ ನಮಾಜ್ ಮಾಡಬೇಕಿತ್ತು. ತೇತಾ ತಮ್ಮ ಕೋಣೆ ತೋರಿಸಿದರು. ಅಲ್ಲಿ ಚಾಪೆಯ ಮೇಲೆ ಮಣ್ಣಿನ ಒಂದು ಪುಟ್ಟ ಬಿಲ್ಲೆ ಇತ್ತು. ಶಿಯಾಗಳು ಹಣೆ ಊರುವುದು ಅದರ ಮೇಲೆ. ಸುನ್ನಿಗಳಲ್ಲಿ ಆ ರೂಢಿ ಇಲ್ಲ. ಆಕೆ ಬಾಗಿಲಲ್ಲೇ ನಿಂತು ಅದನ್ನು ನೋಡಿ, ಮೆಲ್ಲಗೆ, ಬೇರೆ ಜಾಗ ಇದೆಯೇ ಎಂದು ಕೇಳಿದರು. ಪಾಪ ಮಗಳು, ಎಲ್ಲ ಸುಗಮವಾಗಿ ನಡೆಯುತ್ತಿದೆ ಎಂಬ ಆತುರದಲ್ಲಿ, “ಆಂಟಿ ಮನೆ ಖಾಲಿ ಇದೆ, ಅಲ್ಲಿ ಸದ್ದೂ ಇಲ್ಲ” ಎಂದಳು. ನಾನು ಸಂತೋಷದಿಂದಲೇ ಮುಂದೆ ಹೋಗಿ ಬಾಗಿಲು ತೆರೆದೆ.

ಹಾಲ್ ತುಂಬ ಊದಿನಕಡ್ಡಿಯ ಹೊಗೆ. ಜಗಲಿಯ ಮೇಲೆ ದೀಪ. ದೀಪದ ಹಿಂದೆ, ಹಣೆಗೆ ವಿಭೂತಿ ಹಚ್ಚಿಕೊಂಡು, ಸಯ್ಯಿದರು.

ಮಗಳ ಬಾಯಿಂದ ‘ಹೋ’ ಎಂಬಂಥ ಸದ್ದು ಬಂತು. ಆ ತಾಯಿ ಮಾತ್ರ ಅಲುಗಲಿಲ್ಲ. ಫೋಟೋವನ್ನೇ ನೋಡುತ್ತಾ, ಅರಬ್ಬಿಯಲ್ಲಿ, “ಇಲ್ಲಿಗೂ ಬಂದನಾ?” ಎಂದರು. ಅಷ್ಟು ಅರಬ್ಬಿ ನನಗೆ ಅರ್ಥವಾಗುತ್ತದೆ.

ನಾನು ಗಡಿಬಿಡಿಯಲ್ಲಿ ಇಂಗ್ಲಿಷಿನಲ್ಲಿ ಶುರುಮಾಡಿದೆ. ನನ್ನ ಗಂಡನಿಗೆ ಏನೂ ಗೊತ್ತಿಲ್ಲ, ನಮ್ಮಲ್ಲಿ ಹಿರಿಯರ ಫೋಟೋ ಕೆಳಗಿಡಬಾರದು ಎಂದೆ. ಆಕೆ ಕೈ ಎತ್ತಿ ನನ್ನನ್ನು ನಿಲ್ಲಿಸಿ ಹುಡುಗಿಗೆ ಹೇಳಿದರು: “ಇವಳಿಗೆ ನೀನೇ ಹೇಳು, ನಾನು ಹೇಳಿದ್ದನ್ನು ಹೇಳಿದ ಹಾಗೆ. ದೀಪ ಹಚ್ಚಿದ್ದಾಳಲ್ಲ, ಯಾರಿಗೆ ಅಂತ ಗೊತ್ತಿರಲಿ.”

ಹೀಗೆ ಆ ಹುಡುಗಿ ತನ್ನ ಅತ್ತೆಯಾಗಬೇಕಾದವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಾ ನಿಂತಳು. ಚಳಿಗಾಲದಲ್ಲಿ ಅವರ ಊರಿನ ದಾರಿ ಮುಚ್ಚಿದರು. ಹಿಟ್ಟು ಮುಗಿಯಿತು. ಆಮೇಲೆ ನೀರಿನ ಪಂಪು ನಿಲ್ಲಿಸಿದರು. ಹೆಂಗಸರು ಕ್ಯಾನು ಹಿಡಿದು ಚೆಕ್‌ಪೋಸ್ಟಿಗೆ ಹೋದರು. ಅಲ್ಲಿದ್ದ ಹುಡುಗ ಮರ್ಯಾದಸ್ಥ, ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆದ, ವಾಪಸ್ ಹೋಗಿ ಖಾಲಾ, ನೀರು ಇಲ್ಲ ಎಂದ. ಅವನ ಹಿಂದೆ ಮರಳಿನ ಚೀಲಗಳ ಮೇಲೆ ಈ ಮುಖ ಇತ್ತು. ಆಕೆಯ ಚಿಕ್ಕ ಮಗ ತೋಟದ ಹಳೇ ಬಾವಿಯಿಂದ ತರುತ್ತೇನೆ ಎಂದು ಹೋದ. ತುಂಬಿಸಿಕೊಂಡು ಬರುವಾಗ ಹೊಡೆದರು. ನೀರೆಲ್ಲ ಅವನ ಪಕ್ಕದಲ್ಲೇ ಚೆಲ್ಲಿತ್ತು. ಇಲ್ಲಿಗೆ ಬಂದಾಗ ಹುಡುಗಿಯ ಇಂಗ್ಲಿಷ್ ನಿಂತುಹೋಯಿತು. ತಾಯಿ ಅವಳ ಮೊಣಕೈ ಹಿಡಿದು, “ಹೇಳು” ಎಂದರು. ಅವಳು ಹೇಳಿದಳು.

ನಾವು ಬರಲಿಲ್ಲವೆಂದು ತೇತಾ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಅವರ ಕಣ್ಣು ಒಮ್ಮೆ ವಿಭೂತಿಯ ಮೇಲೆ ಹೋಯಿತು.

“ಅವರು ಸತ್ತಾಗ ಆ ಹುಡುಗರು ಹುಟ್ಟೇ ಇರಲಿಲ್ಲ” ಎಂದರು ತೇತಾ.

“ಗೊತ್ತು.”

“ಅವರು ಬಾವಿಯ ಕಟ್ಟೆಯ ಮೇಲೆ ಕೂತವರು. ಮೊದಲ ಲೋಟ…”

“ಅದೂ ಗೊತ್ತು. ನನ್ನ ಅಪ್ಪ ರೇಡಿಯೋ ಹಚ್ಚಿ ಅವರ ಮಾತು ಕೇಳುತ್ತಿದ್ದ. ಒಬ್ಬ ಒಳ್ಳೆಯ ಮನುಷ್ಯ ಅವರಲ್ಲೂ ಇದ್ದಾನೆ ಅನ್ನುತ್ತಿದ್ದ. ಆದರೆ ಬಾವಿ ಕಾಯಲು ಬಂದೂಕು ಕೊಟ್ಟದ್ದು ಯಾರು?”

ಹುಡುಗಿಗೆ ಅನುವಾದಿಸು ಎಂದು ಈಗ ಯಾರೂ ಹೇಳಿರಲಿಲ್ಲ, ಆದರೂ ಅವಳು ನನ್ನ ಕಡೆ ತಿರುಗಿ ಒಂದೊಂದೇ ಮಾತನ್ನು ಹೇಳುತ್ತಲೇ ಇದ್ದಳು. ನಿಲ್ಲಿಸಿದರೆ ಅತ್ತುಬಿಡುತ್ತೇನೆ ಎಂಬ ಭಯ ಇರಬೇಕು.

“ಗೋಡೆಯ ಮೇಲೆ ಮೊಳೆ ನೋಡಿದೆ,” ಎಂದರು ಆ ತಾಯಿ, ದನಿ ಏರಿಸದೆ. “ಬರುವಾಗಲೇ ಗೊತ್ತಿತ್ತು, ಈ ಮನೆಯಲ್ಲಿ ಅವನು ಇರುತ್ತಾನೆ ಅಂತ. ಗಟ್ಟಿಮನಸ್ಸು ಮಾಡಿಕೊಂಡೇ ಬಂದೆ. ಗೋಡೆಯ ಮೇಲೆ ಇದ್ದಿದ್ದರೆ ನಿಮ್ಮ ಜೊತೆ ಜಗಳ ಆಡುತ್ತಿದ್ದೆ. ನೀವು ಆ ಬಾವಿಯ ಕತೆ ಹೇಳುತ್ತಿದ್ದಿರಿ. ನನ್ನ ಮಗನ ಮುಖ ನೋಡಿ ನಾನು ನಂಬಿದರೂ ನಂಬುತ್ತಿದ್ದೆ. ಆದರೆ ನೀವು ಇಳಿಸಿ ಬಚ್ಚಿಟ್ಟಿರಿ. ಬಚ್ಚಿಡುವಂಥದ್ದು ಅಂತ ನಿಮಗೇ ಗೊತ್ತಿದೆ. ಖಲಾಸ್.”

ನಾನು ತೇತಾರ ಮುಖ ನೋಡಿದೆ. ಎಷ್ಟೋ ವರ್ಷದಿಂದ ‘ಸಯ್ಯಿದರು ಇದ್ದಿದ್ದರೆ’ ಎನ್ನುತ್ತಿದ್ದ ಬಾಯಿ ತೆರೆದೇ ಇತ್ತು. ಒಂದು ಸುಳ್ಳಾದರೂ ಹೇಳು ತೇತಾ, ಗಾಜು ಒಡೆದಿತ್ತು ಅನ್ನು, ರಿಪೇರಿಗೆ ಕೊಟ್ಟಿದ್ದೆ ಅನ್ನು ಎಂದು ನನ್ನ ಒಳಗು ಕೂಗುತ್ತಿತ್ತು. ಅವರು ಬ್ಯಾಂಡೇಜ್ ಹಾಕಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

ಆಕೆ ನಮ್ಮಲ್ಲೂ ನಮಾಜ್ ಮಾಡಲಿಲ್ಲ. ಗಂಡಸರು ಮಸೀದಿಯಿಂದ ಬರುವಷ್ಟರಲ್ಲಿ ಲಿಫ್ಟಿನ ಮುಂದೆ ಚೀಲ ಹಿಡಿದು ನಿಂತಿದ್ದರು. ಹುಡುಗ ತಾಯಿಯನ್ನು ನೋಡಿದ, ನಮ್ಮ ಹುಡುಗಿಯನ್ನು ನೋಡಿದ, ಮತ್ತೆ ತಾಯಿಯನ್ನು ನೋಡಿ ಲಿಫ್ಟಿನೊಳಗೆ ಹೋದ. ಆಮೇಲೆ ಸ್ವಲ್ಪ ದಿನ ಫೋನ್ ಮಾಡಿದನಂತೆ. ಆಮೇಲೆ ಅದೂ ಇಲ್ಲ. ಬೆನ್ನು ನೋವು ವಾಸಿ ಮಾಡಿದಳು ಹುಚ್ಚಿ, ಬೆನ್ನೆಲುಬು ಎಲ್ಲಿಂದ ತಂದುಕೊಡಬೇಕು! ಹೀಗೆ ನಾನು ಅವನನ್ನು ಬೈದರೆ ಅವಳು ಮಾತ್ರ, “ಸತ್ತದ್ದು ಅವನ ತಮ್ಮನಲ್ಲವಾ ಆಂಟಿ” ಎನ್ನುತ್ತಾಳೆ. ಆ ಸಂಜೆ ಹಾಲ್‌ಗೆ ಹೋಗಿ ನೋಡಿದರೆ ಟೀಪಾಯಿಯ ಮೇಲೆ ಒಂದು ಕಪ್ಪು ಮಾತ್ರ ಖಾಲಿ, ಉಳಿದವು ತುಂಬಿದ್ದು ತುಂಬಿದಂತೇ ಇದ್ದವು. ಅವನ್ನು ಸಿಂಕಿಗೆ ಸುರಿದು ತೊಳೆದಿಟ್ಟವಳು ನಾನೇ.

ಗಂಡನ ಮೇಲೆ ಹರಿಹಾಯ್ದೆ. “ಹುಚ್ಚಗಿಚ್ಚ ಹಿಡದೈತೇನ್ರಿ ನಿಮಗ? ಕೇಳಬಾರದಾ ಒಂದ ಮಾತು?”

“ನಾ ಏನ್ ತಪ್ಪ ಮಾಡೇನಿ? ಹಿರ್ಯಾರ ಫೋಟೋಕ್ಕ ಇಬತ್ತಿ ಹಚ್ಚೇನಿ. ಚಪ್ಪಲಿ ಕಪಾಟಿನ್ಯಾಗ ಇಟ್ಟಾಕಿ ನೀನು.”

ಇವರದು ತಪ್ಪು ಎಂದು ನಾನೂ ಈಗ ಅನ್ನುವುದಿಲ್ಲ. ಫೋಟೋ ಕಪಾಟಿನಲ್ಲೇ ಇದ್ದಿದ್ದರೂ ಗೋಡೆಯ ಮೇಲಿನ ಮೊಳೆ ಅಲ್ಲೇ ಇರುತ್ತಿತ್ತು.

ತೇತಾ ಫೋಟೋ ವಾಪಸ್ ಕೇಳಲಿಲ್ಲ. ನಾನೇ ಒಯ್ದು ಕೊಡಲು ಹೋದರೆ ನಾಳೆ ನೋಡೋಣ ಎಂದರು. ಆ ನಾಳೆ ಬರಲಿಲ್ಲ. ಈ ನಡುವೆ ಲೆಬನಾನಿಗೂ ಬಂದ ಯುದ್ಧದಲ್ಲಿ ಅವರ ಹಳ್ಳಿಯ ಮನೆಯೂ ಬಾಂಬಿಗೆ ಹೋಯಿತು. ಬಾವಿ ಇದೆಯೋ ಇಲ್ಲವೋ ಹೇಳುವವರಿಲ್ಲ. ಮಗಳಿಗೆ ಎಲ್ಲಿಗಾದರೂ ದೂರ ಹೋಗಬೇಕು, ಬೇರೆ ದೇಶದ ಆಸ್ಪತ್ರೆಯಿಂದ ಕೆಲಸವೂ ಬಂದಿತ್ತು. ಆದರೆ ತಾಯಿಯ ವೀಸಾ ಮಗಳ ಹೆಸರಿನಲ್ಲಿದೆ. ಮಗಳು ಕತಾರ್ ಬಿಟ್ಟರೆ ತಾಯಿಯೂ ಬಿಡಬೇಕು, ಬಿಟ್ಟು ಹೋಗಲು ಮನೆಯಿಲ್ಲ. ಹೀಗಾಗಿ ಇಬ್ಬರೂ ಅದೇ ಫ್ಲ್ಯಾಟಿನಲ್ಲಿದ್ದಾರೆ, ಆ ಮೊಳೆಯ ಕೆಳಗೆ. ಈಗ ಅವರ ಜಗಳ ನಮ್ಮ ಅಡುಗೆಮನೆಗೆ ಕೇಳುವುದಿಲ್ಲ. ಕೇಳಿದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ಈ ವರ್ಷ ಮೊಹರಮಿನ ಹತ್ತನೇ ದಿನ ಬೆಳಿಗ್ಗೆ ಊರಿನಿಂದ ಅವ್ವ ಫೋನ್ ಮಾಡಿದಳು.

“ಡೋಲಿ ಎದ್ದೇ ಇಲ್ಲವ್ವಾ ಈ ಸಲ.”

“ಯಾಕ?”

“ನಮ್ಮ ಹುಡುಗೂರು ಕೂಡಿ, ನಮ್ಮೋರು ಫಕೀರ ಆಗೂದು ಬ್ಯಾಡ, ಡೋಲಿ ಹೊರೂದು ಬ್ಯಾಡ ಅಂದ್ರು. ಅವರ ಮಸೀದಿಗೆ ಪ್ಯಾಟಿಯಿಂದ ಯಾರೋ ಬಂದು, ಇದು ನಮ್ಮ ಧರ್ಮದಾಗ ಇಲ್ಲ, ಬ್ಯಾಡ ಅಂದ್ರಂತ. ಬ್ಯಾಡ ಅನ್ನೂದರಾಗ ಅಷ್ಟ ಒಂದಾಗ್ಯಾರ ನೋಡು ಇಬ್ರೂ. ಅಲಾಯಿ ಕುಣಿಗೆ ಮಣ್ಣ ತುಂಬಿ ಸಪಾಟ ಮಾಡ್ಯಾರ. ನಿನ್ನ ಲಾಡಿ ಇನ್ನೂ ಟ್ರಂಕಿನಾಗ ಐತಿ, ಏನ ಮಾಡ್ಲಿ?”

ಇಟ್ಟುಕೋ ಎಂದು ಫೋನಿಟ್ಟೆ. ಬೆಳಗಿನಿಂದ ನೀರು ಕುಡಿಯದೆ ಬಾಗಿಲ ಸದ್ದಿಗೆ ಕಾದೆ. ವರ್ಷ ವರ್ಷ ಆ ಹೊತ್ತಿಗೆ ತೇತಾ ಲೋಟ ಹಿಡಿದು ಬರುತ್ತಿದ್ದರು. ಈ ಸಲ ಬರಲಿಲ್ಲ. ಮಧ್ಯಾಹ್ನವಾಗುತ್ತಾ ಬಂದಾಗ ನಾನೇ ಒಂದು ಲೋಟ ನೀರು ಹಿಡಿದು ಹೋಗಿ ಬಾಗಿಲು ತಟ್ಟಿದೆ.

ತೇತಾ ಕಪ್ಪು ಉಟ್ಟಿದ್ದರು. ಕಣ್ಣು ಊದಿರಲಿಲ್ಲ, ಅತ್ತಿರಲಿಲ್ಲ. ಲೋಟ ತೆಗೆದುಕೊಂಡು, ಕುಡಿಯದೆ, ಟೀಪಾಯಿಯ ಮೇಲಿಟ್ಟರು.

“ಫೋಟೋ ತಂದುಕೊಡಲಾ ತೇತಾ? ಈ ದಿನವಾದರೂ?”

“ಬೇಡ. ನಿಮ್ಮಲ್ಲೇ ಇರಲಿ. ನಮ್ಮವರಲ್ಲಿ ಯಾರ ಗೋಡೆಯ ಮೇಲಿದ್ದರೂ ಸಯ್ಯಿದರಿಗೆ ರಕ್ತ ಅಂಟುತ್ತದೆ. ನಿಮ್ಮಲ್ಲಿ ಆ ದೇವರು ಈ ದೇವರು ಎಂದು ಯಾರೂ ಕೇಳುವುದಿಲ್ಲ.” ನನ್ನ ಕೈ ಹಿಡಿದು, ಎಷ್ಟೋ ತಿಂಗಳ ಮೇಲೆ ಸ್ವಲ್ಪ ನಕ್ಕರು. “ನಿಮ್ಮ ಹಳ್ಳಿಯಲ್ಲಿ ಈ ಸಲವೂ ಹಬ್ಬ ಆಯಿತಾ? ಕುಣಿದರಾ? ಅದನ್ನು ನೆನೆಸಿಕೊಂಡರೆ ಸಯ್ಯಿದರ ಮಾತು ಎಲ್ಲಾದರೂ ಒಂದು ಕಡೆ ಉಳಿದಿದೆ ಅನ್ನಿಸುತ್ತದೆ. ನನ್ನ ಚೊಂಗೆ ಎಲ್ಲಿ?”

“ಆಯಿತು ತೇತಾ,” ಎಂದೆ. “ಊರಿಗೆ ಊರೇ ಕುಣಿಯಿತಂತೆ. ಡೋಲಿ ಹೊರಲು ನಾ ಮುಂದು ತಾ ಮುಂದು ಅಂತ ನೂಕುನುಗ್ಗಲಂತೆ. ಚೊಂಗೆ ಇನ್ನೂ ಒಲೆಯ ಮೇಲಿದೆ.”

ಒಲೆಯ ಮೇಲೆ ಏನೂ ಇರಲಿಲ್ಲ. ಮನೆಗೆ ಬಂದು ಬೆಲ್ಲ ನೆನೆಹಾಕಿ ಹಿಟ್ಟು ಕಲಸಲು ಕೂತೆ.